ಪ್ರಶ್ನೆಯೊಳಗಿನ ‘ಏಕೆ’

ಕಾರವಾರ ಆಕಾಶವಾಣಿ ಕೇಳುತ್ತಿರುವ ಎಲ್ಲರಿಗೂ ನಮಸ್ಕಾರ. ಪಕ್ಕದಲ್ಲಿ ರೇಡಿಯೋ ಇಟ್ಟುಕೊಂಡು ಪರೀಕ್ಷೆಗೆ ಓದುತ್ತಿರುವ ಮಕ್ಕಳೇ, ಇವತ್ತಿನ ಮಾತು ನಿಮಗಾಗಿ. ಇತಿಹಾಸ, ಸಮಾಜಶಾಸ್ತ್ರ ತೆಗೆದುಕೊಂಡವರಿಗೆ ಹತ್ತು ಅಂಕದ ಪ್ರಬಂಧ ಪ್ರಶ್ನೆ ಅಂದರೆ ಅಂಜಿಕೆ. ಅದನ್ನು ಹೇಗೆ ಬರೆಯಬೇಕು ಅಂತ ಹೇಳಲು ನನ್ನನ್ನು ಕರೆದಿದ್ದಾರೆ. ನಾನು ಹೇಳುವುದು ಒಂದೇ. ಪ್ರಶ್ನೆ ಏನು ಕೇಳಿದೆಯೋ ಅದಕ್ಕೆ ಉತ್ತರ ಬರೆಯಿರಿ.

ಇಷ್ಟೇನಾ ಅನ್ನಬೇಡಿ. ವರ್ಷಗಟ್ಟಲೆ ಉತ್ತರ ಪತ್ರಿಕೆ ತಿದ್ದಿದವನು ಹೇಳುತ್ತಿದ್ದೇನೆ. ಮಕ್ಕಳು ವಿಷಯದ ಹೆಸರು ನೋಡುತ್ತಾರೆ, ಪ್ರಶ್ನೆ ಓದುವುದಿಲ್ಲ. ‘ಉಪ್ಪಿನ ಸತ್ಯಾಗ್ರಹ’ ಅಂತ ಕಂಡ ಕೂಡಲೇ ಪೆನ್ನು ಓಡುತ್ತದೆ. 1930ರ ಮಾರ್ಚ್ 12, ಸಾಬರಮತಿ, 78 ಜನ, ಏಪ್ರಿಲ್ 6, ದಂಡಿ. ಎಲ್ಲವೂ ಸರಿಯೇ. ಆದರೆ ಕೇಳಿದ್ದು ‘ಗಾಂಧೀಜಿ ಉಪ್ಪನ್ನೇ ಏಕೆ ಆರಿಸಿಕೊಂಡರು’ ಅಂತ. ಆ ‘ಏಕೆ’ಗೆ ನಾಲ್ಕು ಪುಟದಲ್ಲಿ ಒಂದು ಸಾಲೂ ಇಲ್ಲ. ತಿದ್ದುವವರು ಅಂಕವನ್ನು ಎಲ್ಲಿಂದ ತರಬೇಕು?

ಒಂದು ಸಂಗತಿ ಹೇಳುತ್ತೇನೆ. ಒಮ್ಮೆ ಮಳೆಗಾಲದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಒಂದು ಉತ್ತರ ಬರೆದು ತಂದಳು. ಪದವಿ ಎರಡನೇ ವರ್ಷ. ಪ್ರಶ್ನೆ ಹೀಗಿತ್ತು: ‘1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಪ್ರಾಂತ್ಯದಿಂದ ತೆಗೆದು ಮುಂಬಯಿಗೆ ಏಕೆ ಸೇರಿಸಿದರು?’ ಆರು ಪುಟ ಬರೆದಿದ್ದಳು, ಮುತ್ತಿನಂಥ ಅಕ್ಷರ. ಜಗಲಿಯಲ್ಲಿ ಕೂತು ಪೆನ್ಸಿಲ್ ತೆಗೆದುಕೊಂಡೆ. ‘ತಂಗಿ, ಏಕೆ ಅನ್ನುವುದಕ್ಕೆ ಸಂಬಂಧ ಇಲ್ಲದ ಸಾಲಿಗೆಲ್ಲ ಅಡ್ಡ ಗೆರೆ ಎಳೀತೇನೆ, ಬೇಜಾರು ಮಾಡ್ಕೋಬೇಡ’ ಅಂದೆ. ಸದಾಶಿವಗಡದ ಕೋಟೆ ಹೋಯಿತು. ರವೀಂದ್ರನಾಥ ಠಾಕೂರರು ಕಾರವಾರಕ್ಕೆ ಬಂದಿದ್ದು ಹೋಯಿತು. ಕಡಲತೀರದ ಸೊಬಗು ಒಂದೂವರೆ ಪುಟ, ಅದೂ ಹೋಯಿತು. ಉಳಿದದ್ದು ಎರಡು ಸಾಲು. ಅದರಲ್ಲಿ ಒಂದು, ‘ಹತ್ತಿ ವ್ಯಾಪಾರಕ್ಕಾಗಿ’ ಅಂತ. ಹುಡುಗಿಯ ಕಣ್ಣಲ್ಲಿ ನೀರು ಬಂತು. ನನಗೋ ಖುಷಿ, ಯಾಕೆಂದರೆ ಆ ಒಂದು ಸಾಲಿನಲ್ಲೇ ಉತ್ತರ ಇತ್ತು.

‘ನಮ್ಮಲ್ಲಿ ಹತ್ತಿ ಎಲ್ಲಿ ಬೆಳೀತದೆ?’ ಅಂತ ಕೇಳಿದೆ. ‘ಇಲ್ಲಿ ಎಲ್ಲಿ ಸರ್, ಘಟ್ಟದ ಮೇಲೆ, ಧಾರವಾಡದ ಕಡೆ’ ಅಂದಳು. ‘ಹಾಗಾದರೆ ಇಂಗ್ಲೆಂಡಿನ ಪೇಟೆಯಲ್ಲಿ ಅದನ್ನು ಕುಮಟಾ ಹತ್ತಿ ಅಂತ ಏಕೆ ಕರೆಯುತ್ತಿದ್ದರು?’ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಅದು ಹಡಗು ಹತ್ತಿದ್ದು ಕುಮಟೆಯಲ್ಲಿ, ಅಲ್ವಾ?’ ಅಂದಳು. ನೋಡಿ, ಗೈಡಿನಲ್ಲಿ ಇಲ್ಲದ್ದು ತಾನೇ ಹುಟ್ಟಿತು.

ಒಳಗಿಂದ ಗೋಡೆಗೆ ಹಾಕುವ ಭಾರತದ ನಕ್ಷೆ ತಂದು ಹಾಸಿದೆವು. ಮನೆಯವಳು ಹೂ ಕಟ್ಟುವ ನೂಲಿನಲ್ಲಿ ಒಂದು ತುಂಡು ಕೊಟ್ಟಳು. ಹುಬ್ಬಳ್ಳಿಯಿಂದ ಮುಂಬಯಿಗೆ ನೂಲು ಹಿಡಿದರೆ ಹತ್ತಿರ ಹತ್ತಿರ ಒಂದು ಗೇಣು. ಹುಬ್ಬಳ್ಳಿಯಿಂದ ಕಾರವಾರಕ್ಕೆ ಮೂರು ಬೆರಳ ಅಗಲ. ‘ಇಷ್ಟೇನಾ ಸರ್!’ ಅಂದಳು. ಕುಮಟೆಯೂ ಅಷ್ಟೇ ದೂರ, ಆದರೆ ಅಲ್ಲಿ ಹಡಗು ತೆರೆದ ಕಡಲಲ್ಲಿ ನಿಲ್ಲಬೇಕು. ಕಾರವಾರದ ಕೊಲ್ಲಿಗೆ ಗುಡ್ಡದ ಮರೆ ಉಂಟು, ದ್ವೀಪಗಳ ಮರೆ ಉಂಟು. ಇಷ್ಟಾದ ಮೇಲೆ ಇಸವಿ ಜೋಡಿಸಿದೆವು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಿತು. ಗಿರಣಿಯವರ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಧಾರವಾಡ ಇದ್ದದ್ದು ಮುಂಬಯಿ ಪ್ರಾಂತ್ಯದಲ್ಲಿ, ಬಂದರು ಇದ್ದದ್ದು ಮದರಾಸಿನ ಕೈಯಲ್ಲಿ. ದೂರದ ಮದರಾಸಿಗೆ ಇಲ್ಲಿಯ ಬಂದರಿಗೂ ಘಟ್ಟದ ರಸ್ತೆಗೂ ದುಡ್ಡು ಹಾಕುವ ಉಮೇದು ಇರಲಿಲ್ಲ. ಹತ್ತಿ, ರಸ್ತೆ, ಬಂದರು ಮೂರೂ ಒಂದೇ ಸರ್ಕಾರದ ಕೈಗೆ ಬರಬೇಕಿತ್ತು. ಅದಕ್ಕೇ 1862.

ಹುಡುಗಿ ಅಲ್ಲೇ ಕೂತು ಮತ್ತೆ ಬರೆದಳು. ಎರಡೂವರೆ ಪುಟ. ಮೊದಲ ಸಾಲೇ ಉತ್ತರ: ‘ಧಾರವಾಡದ ಹತ್ತಿ ಬೇಗ ಹಡಗು ಹತ್ತಬೇಕಾಗಿತ್ತು, ಅದಕ್ಕೆ ಜಿಲ್ಲೆಯನ್ನು ಮುಂಬಯಿಗೆ ಸೇರಿಸಿದರು.’ ಉಳಿದದ್ದೆಲ್ಲ ಆ ಸಾಲಿಗೆ ಆಧಾರ. ಗೋಳಗುಮ್ಮಟದಂಥ ಪೀಠಿಕೆ ಇಲ್ಲ. ನನಗೆ ಅದನ್ನು ಓದಿದಾಗ ಆದ ಸಂತೋಷ ಇವತ್ತಿಗೂ ಹಾಗೇ ಇದೆ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ‘ಹೋಲಿಸಿ’ ಅಂತ ಕೇಳಿದರೆ ಎರಡು ಪುಟ ಚಿಪ್ಕೋ, ಎರಡು ಪುಟ ಅಪ್ಪಿಕೋ ಅಂತ ಪಾಲು ಮಾಡಬೇಡಿ. ಅದು ಹೋಲಿಕೆ ಅಲ್ಲ. 1973ರಲ್ಲಿ ಹಿಮಾಲಯದ ತಪ್ಪಲಿನ ಜನ ಮರಕ್ಕೆ ಅಡ್ಡ ನಿಂತರು, 1983ರ ಸೆಪ್ಟೆಂಬರಿನಲ್ಲಿ ನಮ್ಮ ಶಿರಸಿಯ ಸಾಲ್ಕಣಿ ಕಡೆಯವರು ಮರ ಅಪ್ಪಿದರು. ಇಬ್ಬರಿಗೂ ಕಾಡಿನಿಂದ ಏನು ಬೇಕಿತ್ತು? ಇಲ್ಲಿ ಅಡಿಕೆ ತೋಟಕ್ಕೆ ಸೊಪ್ಪು ಬೇಕು, ದರಕು ಅಂದರೆ ಒಣಗಿ ಬಿದ್ದ ಎಲೆ ಬೇಕು. ಅಲ್ಲಿ ಏನು? ಒಂದೊಂದೇ ಅಂಶ ಹಿಡಿದು ಎರಡನ್ನೂ ಅಕ್ಕಪಕ್ಕ ಇಟ್ಟು ಬರೆಯಿರಿ. ‘ಚರ್ಚಿಸಿ’ ಅಂದರೆ ಎರಡೂ ಕಡೆಯ ಮಾತು ಹೇಳಿ, ಕೊನೆಗೆ ನಿಮಗೆ ಯಾವುದು ಸರಿ ಕಾಣುತ್ತದೆ ಅಂತ ಧೈರ್ಯವಾಗಿ ಹೇಳಿ. ‘ವಿವರಿಸಿ’ ಅಂದರೆ ಮಾತ್ರ ವಿವರಿಸಿ. ಪದ ಬದಲಾದರೆ ಉತ್ತರವೂ ಬದಲಾಗಬೇಕು, ಅಲ್ವಾ?

ತಂದೆತಾಯಿಗಳಿಗೆ ಒಂದು ಮಾತು. ಮಗು ಎಷ್ಟು ಪುಟ ಬರೆದಿದೆ ಅಂತ ದಯವಿಟ್ಟು ಎಣಿಸಬೇಡಿ. ‘ಪ್ರಶ್ನೆ ಏನಿತ್ತು, ನೀನು ಒಂದು ಮಾತಲ್ಲಿ ಏನು ಹೇಳಿದೆ’ ಅಂತ ಕೇಳಿ. ಓದು ಬಾರದ ಅಜ್ಜಿಯೂ ಇದನ್ನು ಕೇಳಬಹುದು.

ಮಕ್ಕಳೇ, ಇವತ್ತು ರಾತ್ರಿ ಊಟ ಆದ ಮೇಲೆ ಒಂದು ಪ್ರಶ್ನೆಗೆ ಉತ್ತರ ಹುಡುಕಿ. ‘ಕಾರವಾರ ಬಂದರಿನ ಹತ್ತಿ ವ್ಯಾಪಾರ ಆಮೇಲೆ ಏಕೆ ಕುಗ್ಗಿತು?’ ಮೊದಲು ಒಂದೇ ಸಾಲು ಬರೆಯಿರಿ. ಸುಳಿವು ಬೇಕಾದರೆ ನಕ್ಷೆ ತೆಗೆದು ಕ್ಯಾಸಲ್‌ರಾಕ್ ಸ್ಟೇಷನ್ ಹುಡುಕಿ. ಅಲ್ಲಿಂದ ಘಟ್ಟ ಇಳಿದು ಮರ್ಮಗೋವಾ ಬಂದರಿಗೆ ಹೋಗುವ ರೈಲು ಹಳಿಯ ಮೇಲೆ ಬೆರಳಾಡಿಸಿ. ಕೈಯಲ್ಲಿ ಒಂದು ತುಂಡು ನೂಲು ಇರಲಿ. ನಮಸ್ಕಾರ.