ನಾವು ಯಾರಿಗೆ ಪರದೇಶ?

ಕೇಳುಗರಿಗೆ ನಮಸ್ಕಾರ.

ಮೈಸೂರಿನ ನಮ್ಮ ಚರ್ಚಿನ ಬೀರುವಿನಲ್ಲಿ ಕಾಣಿಕೆ ಹಣದ ಎರಡು ತಗಡಿನ ಡಬ್ಬಿಗಳಿವೆ. ಒಂದರ ಮೇಲೆ ‘ಸ್ವದೇಶ ಸೇವೆ’, ಇನ್ನೊಂದರ ಮೇಲೆ ‘ಪರದೇಶ ಸೇವೆ’ ಅಂತ ಬರೆದಿದೆ. ಎರಡಕ್ಕೂ ಬೇರೆ ಬೇರೆ ಸಮಿತಿ. ಎರಡರಲ್ಲೂ ಹೆಚ್ಚುಕಡಿಮೆ ಅದೇ ಎಂಟು ಜನ. ಮೊನ್ನೆ ಹೊಸದಾಗಿ ಸೇರಿದ ಹುಡುಗನೊಬ್ಬ, "ಎರಡನ್ನೂ ಸೇರಿಸಿ ಒಂದೇ ಮಾಡಬಾರದಾ ಸರ್?" ಅಂತ ಕೇಳಿಬಿಟ್ಟ. ಪಾದ್ರಿ ಅಯ್ಯನವರು ನನ್ನ ಕಡೆ ನೋಡಿದರು. ಲೆಕ್ಕ ಬರೆಯುವವನು ನಾನೇ ಅಲ್ವಾ! ಕಾಫಿ ಆರಿಹೋಯಿತು, ಮಾತು ಮುಗಿಯಲಿಲ್ಲ.

ಈ ಸ್ವದೇಶ, ಪರದೇಶ ಅನ್ನುವ ಹೆಸರುಗಳೇ ನನಗೆ ಸ್ವಲ್ಪ ತಮಾಷೆಯಾಗಿ ಕಾಣುತ್ತವೆ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಶುರುವಾದದ್ದು 1906ರಲ್ಲಿ. ಆ ಹೆಸರು ಹೇಳಿದರೆ ಆಟೋದವರು ಒಂದು ಕ್ಷಣ ಯೋಚನೆ ಮಾಡುತ್ತಾರೆ. ‘ಮಿಷನ್ ಆಸ್ಪತ್ರೆ’ ಅಂದರೆ ತಕ್ಷಣ ಮೀಟರ್ ಹಾಕುತ್ತಾರೆ. ಅದನ್ನು ಕಟ್ಟಿದ ಬ್ರಿಟನ್ನಿನ ಮೆಥಡಿಸ್ಟ್ ಎಂಬ ಕ್ರೈಸ್ತ ಪಂಗಡದವರಿಗೆ ಅದು ಪರದೇಶದ ಕೆಲಸ. ನಮ್ಮ ಅಜ್ಜಿಗೆ ಮಾತ್ರ ಅದು ಸೆರಗಿನಲ್ಲಿ ಚಿಲ್ಲರೆ ಕಟ್ಟಿಕೊಂಡು ನಡೆದೇ ಹೋಗುವಷ್ಟು ದೂರ. ನಾವೇ ಯಾರಿಗೋ ಪರದೇಶವಾಗಿದ್ದವರು ಅನ್ನುವುದನ್ನು ನಮ್ಮ ಎರಡನೇ ಡಬ್ಬಿ ಮರೆತಿದೆ.

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಹುಟ್ಟಿತು. ನಮ್ಮಲ್ಲಿ ಚರ್ಚಿಗೂ ಸಭೆ ಅಂತಲೇ ಹೇಳುತ್ತೇವೆ. ಸ್ವಾತಂತ್ರ್ಯ ಬಂದು ಆರೇ ವಾರ. ಆಂಗ್ಲಿಕನ್ನರು, ಮೆಥಡಿಸ್ಟರು, ಅದಕ್ಕೂ ಮೊದಲೇ ಒಟ್ಟಾಗಿದ್ದ ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಯವರು, ಹೀಗೆ ಬೇರೆ ಬೇರೆ ಪಂಗಡದವರು ಒಂದಾದರು. ಇಲ್ಲಿ ಮನೆ ಒಂದಾಯಿತು. ಆದರೆ ಹಣ ಕಳಿಸುವ ಕಡೆ ಕಚೇರಿ, ಲೆಕ್ಕದ ಕಾಲಂಗಳು ಹಾಗೇ ಉಳಿದವು. ಅದು ಬದಲಾಗಲು ಇನ್ನೂ ಬಹಳ ವರ್ಷ ಹಿಡಿಯಿತು.

ಲಂಡನ್ ಮಿಷನರಿ ಸೊಸೈಟಿಯನ್ನೇ ನೋಡಿ. 1795ರಲ್ಲಿ ಶುರುವಾದ ಸಂಸ್ಥೆ. ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತಂದ ಜಾನ್ ಹ್ಯಾಂಡ್ಸ್ ಅವರನ್ನು ಕಳಿಸಿದ್ದು ಈ ಸಂಸ್ಥೆಯೇ. ಎಲ್ಲಿಗೆ ಯಾರು ಹೋಗಬೇಕು, ಎಷ್ಟು ಖರ್ಚು ಮಾಡಬೇಕು ಅನ್ನುವುದು ಲಂಡನ್ನಿನ ಮೇಜಿನ ಮೇಲೆ ತೀರ್ಮಾನ ಆಗುತ್ತಿತ್ತು. 1977ರಲ್ಲಿ ಆ ಪದ್ಧತಿಯನ್ನೇ ಬಿಚ್ಚಿ, ಹೊಸದಾಗಿ ಹೊಲಿದರು. ಕೌನ್ಸಿಲ್ ಫಾರ್ ವರ್ಲ್ಡ್ ಮಿಷನ್ ಎಂಬ ಕೂಟವಾಯಿತು. ಕೊಡುತ್ತಿದ್ದ ಸಭೆಗಳೂ ಪಡೆಯುತ್ತಿದ್ದ ಸಭೆಗಳೂ ಒಂದೇ ಮೇಜಿಗೆ ಬಂದವು. ಅದರಲ್ಲಿ ನಮ್ಮ ಸಿ.ಎಸ್.ಐ.ಯೂ ಇದೆ. 2012ರಲ್ಲಿ ಕಚೇರಿಯೇ ಲಂಡನ್ ಬಿಟ್ಟು ಸಿಂಗಪುರಕ್ಕೆ ಹೋಯಿತು. ಬೋರ್ಡು ಬದಲಾಯಿಸಿದ್ದನ್ನು ನಾನು ದೊಡ್ಡದಾಗಿ ಎಣಿಸುವುದಿಲ್ಲ. ಚೆಕ್ಕಿಗೆ ಸಹಿ ಹಾಕುವ ಜಾಗ ಬದಲಾಯಿತಲ್ಲ, ಅದು ದೊಡ್ಡದು.

ಹೀಗೆ ಸಮನಾಗಿ ಕೂರುವುದನ್ನು ಮೊದಲೇ ಕೇಳಿದವರು ಇದ್ದರು. 1910ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ನಡೆದ ಮಿಷನರಿ ಸಮ್ಮೇಳನದಲ್ಲಿ ನಮ್ಮ ತಿರುನೆಲ್ವೇಲಿ ಕಡೆಯ ಪಾದ್ರಿ ವಿ.ಎಸ್. ಅಜರಯ್ಯ ಎದ್ದು ನಿಂತು, ನೀವು ತುಂಬಾ ಕೊಟ್ಟಿದ್ದೀರಿ, ಈಗ ನಮಗೆ ಗೆಳೆಯರನ್ನು ಕೊಡಿ ಎಂಬ ಅರ್ಥದ ಮಾತಾಡಿದರು. ಅಲ್ಲಿ ಕೂತಿದ್ದ ಕೆಲವರಿಗೆ ಮುಜುಗರವಾಯಿತಂತೆ. ಆಗದೆ ಇರುತ್ತದೆಯೇ?

ಇನ್ನು ಲೆಸ್ಲಿ ನ್ಯೂಬಿಗಿನ್. 1936ರಲ್ಲಿ ಮಿಷನರಿಯಾಗಿ ಇಲ್ಲಿಗೆ ಬಂದವರು. ಮಧುರೆಯಲ್ಲಿ, ಆಮೇಲೆ ಮದರಾಸಿನಲ್ಲಿ ಬಿಷಪ್ಪರಾದರು. 1974ರಲ್ಲಿ ಊರಿಗೆ ವಾಪಸ್ ಹೋದಾಗ ಇಂಗ್ಲೆಂಡೇ ಹೆಚ್ಚು ಕಷ್ಟದ ಕೆಲಸದ ಜಾಗವಾಗಿ ಕಂಡಿತು. ನಿವೃತ್ತಿ ವಯಸ್ಸು ದಾಟಿದ ಮೇಲೂ ಬರ್ಮಿಂಗ್‌ಹ್ಯಾಮಿನಲ್ಲಿ, ಜೈಲಿನ ಎದುರಿನ ಒಂದು ಸಣ್ಣ ಸಭೆಯನ್ನು ನೋಡಿಕೊಂಡರು. ಅವರ ಕೆಲಸವನ್ನು ಯಾವ ಡಬ್ಬಿಗೆ ಹಾಕುತ್ತೀರಿ?

ಹಾಗಂತ ಎಲ್ಲ ಸೇರಿಸಿ ಒಂದು ಗುಡ್ಡೆ ಮಾಡಿದರೆ ಸಾಕೇ? ಇಲ್ಲಿ ನನಗೆ ಭಯ ಇದೆ. ಒಂದೇ ಡಬ್ಬಿಯಾದರೆ ಹತ್ತಿರದ ಖರ್ಚು ದೂರದ ಕೆಲಸವನ್ನು ತಿಂದುಹಾಕುತ್ತದೆ. ಮಳೆಗಾಲದಲ್ಲಿ ಹೆಂಚು ಸೋರಿದರೆ ಮೊದಲು ಹೆಂಚು. ಆಮೇಲೆ ಕಾಂಪೌಂಡಿಗೆ ಸುಣ್ಣ. ದೂರದವರು ಬಂದು ಜಗಳ ಆಡುವುದಿಲ್ಲ, ಹಾಗಾಗಿ ಅವರ ಪಾಲು ಸುಮ್ನೆ ಕರಗುತ್ತದೆ. ಮಿಜೋರಾಂನ ಪ್ರೆಸ್ಬಿಟೇರಿಯನ್ ಸಭೆಯಲ್ಲಿ ಹೆಂಗಸರು ಅಡುಗೆ ಮಾಡುವ ಮೊದಲು ಒಂದು ಹಿಡಿ ಅಕ್ಕಿ ತೆಗೆದಿಡುತ್ತಾರೆ. ಅದನ್ನು ಮಾರಿ ಬಂದ ಹಣದಿಂದ ದೇಶದ ಬೇರೆ ಬೇರೆ ಕಡೆ ಕೆಲಸಗಾರರನ್ನು ಕಳಿಸುತ್ತಾರೆ. ಮೊದಲೇ ತೆಗೆದಿಟ್ಟದ್ದರಿಂದ ಅದು ಉಳಿಯುತ್ತದೆ. ಉಂಡು ಮಿಕ್ಕಿದರೆ ಕೊಡೋಣ ಅಂದಿದ್ದರೆ ಏನೂ ಮಿಗುತ್ತಿರಲಿಲ್ಲ.

ಕಾನೂನಿನ ಮಾತೂ ಇದೆ. ವಿದೇಶದಿಂದ ಬರುವ ಕಾಣಿಕೆ, ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯ ಪ್ರಕಾರ, ಮೊದಲು ದೆಹಲಿಯ ಒಂದು ನಿಗದಿತ ಖಾತೆಗೇ ಬರಬೇಕು. ಊರಿನ ಹಣವನ್ನು ಅದರ ಜೊತೆ ಬೆರೆಸುವಂತಿಲ್ಲ. ಕಚೇರಿ ಖರ್ಚಿಗೆ ಅದರಲ್ಲಿ 20 ಶೇಕಡಕ್ಕಿಂತ ಜಾಸ್ತಿ ಬಳಸುವಂತಿಲ್ಲ. ಸಮಿತಿ ಒಂದಾಗಬಹುದು, ಪಾಸ್‌ಬುಕ್ ಒಂದಾಗದು. ಆ ಹುಡುಗನಿಗೆ ಇದನ್ನು ಹೇಳಿದಾಗ ಮುಖ ಸಣ್ಣಗೆ ಮಾಡಿಕೊಂಡ, ಪಾಪ.

ಕೊನೆಗೆ ಒಂದೇ ಸಮಿತಿ, ಬೇರೆ ಬೇರೆ ಲೆಕ್ಕದ ಪುಸ್ತಕ ಎಂದಾಯಿತು. ದೂರದ ಪಾಲನ್ನು ವರ್ಷದ ಮೊದಲ ತಿಂಗಳಲ್ಲೇ ತೆಗೆದಿಡಬೇಕು ಅನ್ನುವ ನನ್ನ ಹಟಕ್ಕೂ ಒಪ್ಪಿದರು.

ಒಂದು ಮಾತ್ರ ಬಗೆಹರಿಯಲಿಲ್ಲ. ನಮ್ಮ ಸಭೆಯ ಹುಡುಗಿಯೊಬ್ಬಳು ಇಂಗ್ಲೆಂಡಿನಲ್ಲಿ ನರ್ಸ್. ಅಲ್ಲಿನ ಚರ್ಚಿನಲ್ಲಿ ಭಾನುವಾರ ಮಕ್ಕಳಿಗೆ ಪಾಠ ಹೇಳಿಕೊಡುತ್ತಾಳೆ. ವರದಿಯಲ್ಲಿ ಅವಳ ಹೆಸರು ಸ್ವದೇಶದ ಪುಟಕ್ಕೋ, ಪರದೇಶದ ಪುಟಕ್ಕೋ? ಕಾರ್ಯದರ್ಶಿಗಳು ಪೆನ್ಸಿಲಿನಲ್ಲಿ ಬರೆದು, ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿಟ್ಟಿದ್ದಾರೆ.

ನಮಸ್ಕಾರ.