ಭೂಮಿತಾಯಿ ಯಾರ ಪಕ್ಷ?

ಕೇಳುಗರಿಗೆ ನಮಸ್ಕಾರ. ಪ್ರಾಚೀನ ಗ್ರೀಕರ ಸೃಷ್ಟಿಕಥೆಯಲ್ಲಿ ಸೃಷ್ಟಿ ಮಾಡುವವನೇ ಇಲ್ಲ. ಯಾರೂ ಕೂತು ಯೋಚಿಸಿ ಈ ಜಗತ್ತನ್ನು ಕಟ್ಟಲಿಲ್ಲ. ಅದು ತಾನಾಗಿ ಹುಟ್ಟಿತು, ಒಂದರ ಹಿಂದೆ ಒಂದು, ಮನೆಯಲ್ಲಿ ಮಕ್ಕಳು ಹುಟ್ಟುವ ಹಾಗೆ. ಆಮೇಲೆ ನಡೆದದ್ದೆಲ್ಲ ಆ ಮನೆಯ ಜಗಳ.

ಇದನ್ನು ಕ್ರಿ.ಪೂ. 700ರ ಸುಮಾರಿಗೆ ಹೆಸಿಯಡ್ ಅನ್ನುವ ಕವಿ 'ಥಿಯಾಗನಿ' ಎಂಬ ಕಾವ್ಯದಲ್ಲಿ ಹಾಡಿದ. ಸಾವಿರ ಚಿಲ್ಲರೆ ಸಾಲು, ಅಷ್ಟೇ. ಅವನದು ಹೆಲಿಕಾನ್ ಬೆಟ್ಟದ ಹತ್ತಿರದ ಅಸ್ಕ್ರಾ ಎಂಬ ಹಳ್ಳಿ. ಕುರಿ ಮೇಯಿಸುತ್ತಿದ್ದವನ ಮುಂದೆ ಹಾಡು, ಕಾವ್ಯಗಳ ದೇವತೆಯರಾದ ಮ್ಯೂಸ್‌ಗಳು ಬಂದು, ಕೈಗೊಂದು ಕೋಲು ಕೊಟ್ಟು, ಹಾಡು ಅಂದರಂತೆ. ಆ ಊರನ್ನು ಮಾತ್ರ ಅವನು ಇನ್ನೊಂದು ಕಾವ್ಯದಲ್ಲಿ ಚೆನ್ನಾಗಿ ಬೈದಿದ್ದಾನೆ: ಚಳಿಗಾಲದಲ್ಲಿ ಕೆಟ್ಟದ್ದು, ಬೇಸಿಗೆಯಲ್ಲಿ ತಡೆಯೋಕಾಗಲ್ಲ, ಒಳ್ಳೆಯ ಕಾಲ ಅನ್ನೋದೇ ಇಲ್ಲ ಅಂತ. ಉಳುಮೆ ಗೊತ್ತಿದ್ದ ಕವಿ. ಅವನ ಕಥೆಯ ನಡುಮಧ್ಯೆ ನೆಲವೇ ನಿಂತಿರುವುದು ನನಗೆ ಸಹಜ ಅನಿಸುತ್ತದೆ.

ಗ್ರೀಕ್ ಪುರಾಣ ಅಂದರೆ ನಾವು ಸಿಡಿಲು ಹಿಡಿದ ಜೀಯಸ್‌ನ ಹಿಂದೆ ಹೋಗುತ್ತೇವೆ. ಇವತ್ತು ಅವನನ್ನು ಸ್ವಲ್ಪ ಪಕ್ಕಕ್ಕಿಟ್ಟು ಗಾಯಾಳನ್ನು ನೋಡೋಣ. ಗಾಯಾ, ಅಂದರೆ ಭೂಮಿ.

ಮೊದಲು ಕೇಯಾಸ್ ಇತ್ತು, ತಳವಿಲ್ಲದ ಒಂದು ದೊಡ್ಡ ಖಾಲಿ. ಆಮೇಲೆ ಗಾಯಾ ಬಂದಳು, ಕೆಳಗೆ ಟಾರ್ಟರಸ್ ಎಂಬ ಪಾತಾಳ, ಜೊತೆಗೆ ಪ್ರೀತಿಯ ದೇವತೆ ಏರಾಸ್. ಈ ಪಾತಾಳ ಎಷ್ಟು ಆಳ ಅಂತೀರಾ? ಆಕಾಶದಿಂದ ಕಮ್ಮಾರರ ಕಂಚಿನ ಅಡಿಗಲ್ಲೊಂದು ಬಿದ್ದರೆ ಒಂಬತ್ತು ಹಗಲು ಒಂಬತ್ತು ರಾತ್ರಿ ಕಳೆದು ಹತ್ತನೇ ದಿನ ಭೂಮಿ ಮುಟ್ಟುತ್ತದೆ, ಅಲ್ಲಿಂದ ಕೆಳಗೆ ಮತ್ತೆ ಅಷ್ಟೇ ದಿನ.

ಗಾಯಾ ಯಾರ ಸಹಾಯವೂ ಇಲ್ಲದೆ ಆಕಾಶವನ್ನು ಹೆತ್ತಳು. ಅವನೇ ಯುರೇನಸ್. ಆಮೇಲೆ ಅವನನ್ನೇ ಕೂಡಿ ಟೈಟನ್ ಎಂಬ 12 ಹಿರಿಯ ದೇವರುಗಳನ್ನು, ಮೂವರು ಒಕ್ಕಣ್ಣರನ್ನು, ನೂರು ನೂರು ಕೈಗಳ ಮೂವರನ್ನು ಹೆತ್ತಳು. ಯುರೇನಸ್‌ಗೆ ಮಕ್ಕಳನ್ನು ಕಂಡರೆ ಆಗದು. ಹುಟ್ಟಿದ ಹುಟ್ಟಿದವರನ್ನು ಬೆಳಕು ಕಾಣಲು ಬಿಡದೆ ತಾಯಿಯ ಒಡಲೊಳಗೇ ವಾಪಸು ತುರುಕಿದ. ಅವಳು ನೋವಿನಲ್ಲಿ ನರಳಿದಳು. ಆಮೇಲೆ ಅಳುತ್ತಾ ಕೂರಲಿಲ್ಲ, ಹಲ್ಲುಗಳಿರುವ ಒಂದು ದೊಡ್ಡ ಕುಡುಗೋಲು ಮಾಡಿದಳು. ಯಾರು ಬರ್ತೀರಿ ಅಂತ ಮಕ್ಕಳನ್ನು ಕೇಳಿದರೆ ಎಲ್ಲರೂ ಹೆದರಿ ಸುಮ್ಮನಾದರು. ಕಿರಿಯ ಟೈಟನ್ ಕ್ರೋನಸ್ ಒಬ್ಬನೇ ನಾನು ಬರ್ತೀನಿ ಅಂದ. ರಾತ್ರಿ ಆಕಾಶ ಭೂಮಿಯ ಮೇಲೆ ಬಾಗಿದಾಗ ಅವನು ಅಡಗಿದ್ದಲ್ಲಿಂದ ಎಡಗೈ ಚಾಚಿ ಹಿಡಿದ, ಬಲಗೈಯ ಕುಡುಗೋಲಿನಿಂದ ಅಪ್ಪನ ಗಂಡಸುತನವನ್ನೇ ಕೊಯ್ದು ಬಿಸಾಡಿದ. ನೆಲಕ್ಕೆ ಬಿದ್ದ ರಕ್ತದಿಂದ ಸೇಡಿನ ದೇವತೆಯರೂ ದೈತ್ಯರೂ ಹುಟ್ಟಿದರು. ಕಡಲಿಗೆ ಬಿದ್ದದ್ದರ ಸುತ್ತ ನೊರೆ ಕಟ್ಟಿ, ಆ ನೊರೆಯಲ್ಲಿ ಚೆಲುವಿನ ದೇವತೆ ಅಫ್ರೋಡೈಟಿ ಬೆಳೆದು ಸೈಪ್ರಸ್ ದಡಕ್ಕೆ ಬಂದಳು.

ಈ ಕೊಯ್ಯುವ ಕಥೆ ಗ್ರೀಕರದ್ದು ಮಾತ್ರ ಅಲ್ಲ. ಇವತ್ತಿನ ತುರ್ಕಿಯಲ್ಲಿರುವ ಹತ್ತುಸಾ, ಹಿಟ್ಟೈಟ್ ಎಂಬ ಪ್ರಾಚೀನ ಜನರ ರಾಜಧಾನಿ. ಅಲ್ಲಿ ಸಿಕ್ಕ ಮಣ್ಣಿನ ಹಲಗೆಗಳಲ್ಲಿ ಕುಮಾರ್ಬಿ ಎಂಬ ದೇವರು ಆಕಾಶದ ರಾಜ ಅನುವಿನ ಗಂಡಸುತನವನ್ನು ಕಚ್ಚಿ ನುಂಗುತ್ತಾನೆ, ಅದರಿಂದ ಅವನ ಹೊಟ್ಟೆಯಲ್ಲೇ ಬಿರುಗಾಳಿಯ ದೇವರು ಬೆಳೆಯುತ್ತಾನೆ. ಹೆಸಿಯಡ್‌ಗಿಂತ ಶತಮಾನಗಳ ಹಿಂದಿನ ಕಥೆ. ಹೆಸಿಯಡ್‌ನ ಅಪ್ಪ ಬಡತನ ತಾಳಲಾರದೆ ಹಡಗು ಹತ್ತಿ ಬಂದದ್ದೂ ಅದೇ ಕಡೆಯ ಕರಾವಳಿ ಊರು ಕ್ಯುಮೆಯಿಂದ.

ಕ್ರೋನಸ್ ಒಳ್ಳೆಯವನಾದನಾ? ಇಲ್ಲ. ನಿನ್ನ ಮಗನೇ ನಿನ್ನನ್ನು ಇಳಿಸುತ್ತಾನೆ ಅಂತ ಗಾಯಾ ಮತ್ತು ಯುರೇನಸ್ ಹೇಳಿದ್ದೇ ತಡ, ಹುಟ್ಟಿದ ಐದೂ ಮಕ್ಕಳನ್ನು ನುಂಗಿದ. ಹೆಂಡತಿ ರಿಯಾ ಮತ್ತೆ ಬಸುರಿಯಾಗಿ ತನ್ನ ತಾಯಿ ಗಾಯಾಳ ಹತ್ತಿರ ಓಡಿದಳು. ಗಾಯಾ ಮತ್ತೆ ಬಂದಳು. ಮೊಮ್ಮಗ ಜೀಯಸ್‌ನನ್ನು ಕ್ರೀಟ್ ದ್ವೀಪದ ಗುಹೆಯಲ್ಲಿ ಬಚ್ಚಿಟ್ಟಳು, ಕ್ರೋನಸ್‌ನ ಕೈಗೆ ಬಟ್ಟೆ ಸುತ್ತಿದ ಕಲ್ಲು ಹೋಯಿತು, ಅವನು ಅದನ್ನೂ ನುಂಗಿದ. ಮುಂದೆ ಎಲ್ಲವನ್ನೂ ಕಕ್ಕಿದಾಗ ಮೊದಲು ಬಂದದ್ದು ಆ ಕಲ್ಲೇ. ಜೀಯಸ್ ಅದನ್ನು ಗ್ರೀಸಿನ ಪುಣ್ಯಕ್ಷೇತ್ರ ಡೆಲ್ಫಿಯಲ್ಲಿ ನೆಟ್ಟ. ಕ್ರಿ.ಶ. 2ನೇ ಶತಮಾನದಲ್ಲಿ ಪಾಸೇನಿಯಸ್ ಎಂಬ ಪ್ರವಾಸಿ ಡೆಲ್ಫಿಯಲ್ಲಿ ಒಂದು ಕಲ್ಲು ನೋಡಿದ. ಅಷ್ಟೇನೂ ದೊಡ್ಡದಲ್ಲ. ದಿನಾ ಅದಕ್ಕೆ ಎಣ್ಣೆ ಎರೆಯುತ್ತಿದ್ದರು, ಹಬ್ಬದ ದಿನ ನೂಲದ ಉಣ್ಣೆ ಹೊದಿಸುತ್ತಿದ್ದರು. ಕ್ರೋನಸ್ ನುಂಗಿದ್ದು ಇದನ್ನೇ ಅನ್ನುವ ನಂಬಿಕೆ ಇತ್ತು.

ಆಮೇಲೆ ಹತ್ತು ವರ್ಷದ ಯುದ್ಧ, ಟೈಟನ್‌ಗಳಿಗೂ ಜೀಯಸ್‌ನ ಕಡೆಯ ಹೊಸ ದೇವರುಗಳಿಗೂ. ಯಾರೂ ಗೆಲ್ಲಲಿಲ್ಲ. ಆಗಲೂ ದಾರಿ ಹೇಳಿದವಳು ಗಾಯಾ: ಕೆಳಗೆ ಸೆರೆಯಲ್ಲಿರುವ ನೂರು ಕೈಗಳವರನ್ನು ಬಿಡಿಸು ಅಂದಳು. ಜೀಯಸ್ ಬಿಡಿಸಿದ, ಊಟ ಹಾಕಿದ, ಆಮೇಲೆ ಸಹಾಯ ಕೇಳಿದ. ಅವರು ಒಂದೇ ಸಲಕ್ಕೆ 300 ಬಂಡೆ ಎಸೆದರು. ಟೈಟನ್‌ಗಳ ಕಥೆ ಮುಗಿಯಿತು.

ಇಲ್ಲಿಗೆ ಅಜ್ಜಿ ಮೊಮ್ಮಗನ ಕಡೆ ಅನ್ನಿಸುತ್ತೆ, ಅಲ್ವಾ? ಅಷ್ಟರಲ್ಲಿ ಅವಳು ಟಾರ್ಟರಸ್‌ನನ್ನು ಕೂಡಿ ಟೈಫನ್‌ನನ್ನು ಹೆತ್ತಳು. ಹೆಗಲ ಮೇಲೆ ನೂರು ಹಾವಿನ ತಲೆ, ಕಣ್ಣಲ್ಲಿ ಬೆಂಕಿ. ಆ ತಲೆಗಳಿಂದ ಒಮ್ಮೆ ಗೂಳಿಯ ಗುಟುರು, ಒಮ್ಮೆ ಸಿಂಹದ ಗರ್ಜನೆ, ಒಮ್ಮೆ ನಾಯಿಮರಿಗಳ ಕುಂಯ್‌ಗುಟ್ಟುವಿಕೆ. ಆ ನಾಯಿಮರಿಗಳ ದನಿಯೇ ನನಗೆ ಜಾಸ್ತಿ ಭಯ ಹುಟ್ಟಿಸುತ್ತದೆ. ಇವನಿಗೂ ಅರ್ಧ ಹೆಣ್ಣು ಅರ್ಧ ಹಾವಾದ ಎಕಿಡ್ನಾಗೂ ಹುಟ್ಟಿದವರೇ ಹಲವು ತಲೆಯ ಹಾವು ಹೈಡ್ರಾ ಮತ್ತು ಪಾತಾಳದ ನಾಯಿ ಸರ್ಬೆರಸ್. ಅದಕ್ಕೆ ಮೂರು ತಲೆ ಅಂತ ಎಲ್ಲರೂ ಹೇಳುತ್ತೇವೆ, ಹೆಸಿಯಡ್ ಲೆಕ್ಕದಲ್ಲಿ 50. ಅಂದರೆ ರಾಕ್ಷಸರು ಹೊರಗಿನವರಲ್ಲ, ಭೂಮಿಯದೇ ವಂಶ. ಜೀಯಸ್ ಸಿಡಿಲಿನಿಂದ ಟೈಫನ್‌ನನ್ನು ಸುಟ್ಟಾಗ ಭೂಮಿಯೂ ಕುಲುಮೆಯಲ್ಲಿಟ್ಟ ತವರದಂತೆ ಕರಗಿ ಹರಿಯಿತು ಅನ್ನುತ್ತಾನೆ ಹೆಸಿಯಡ್. ಮಗನ ಜೊತೆ ತಾಯಿಯೂ ಬೆಂದಳು.

ಈ ತಾಯಿಯ ಮುಖ ನೋಡಬೇಕಾದರೆ ಪೆರ್ಗಮಾನ್ ಎಂಬ ಪ್ರಾಚೀನ ಗ್ರೀಕ್ ನಗರದ ಬಲಿಪೀಠದ ಶಿಲ್ಪವಿದೆ, ಕ್ರಿ.ಪೂ. 2ನೇ ಶತಮಾನದ್ದು, ಈಗ ಬರ್ಲಿನ್‌ನಲ್ಲಿದೆ. ದೇವರುಗಳಿಗೂ ಗಾಯಾಳ ದೈತ್ಯ ಮಕ್ಕಳಿಗೂ ಯುದ್ಧ ನಡೆದಿದೆ. ಜೀಯಸ್‌ನ ಮಗಳು ಅಥೇನಾ ಒಬ್ಬ ದೈತ್ಯನ ಕೂದಲು ಹಿಡಿದು ಹಿಂದಕ್ಕೆಳೆಯುತ್ತಿದ್ದಾಳೆ. ಕೆಳಗೆ ನೆಲದಿಂದ ಸೊಂಟದವರೆಗೆ ಮಾತ್ರ ಮೇಲೆದ್ದ ಗಾಯಾ, ಮುಖ ಎತ್ತಿ, ಬಿಟ್ಟುಬಿಡು ಅಂತ ಬೇಡುತ್ತಿದ್ದಾಳೆ. ಗೆದ್ದವರ ಪರವಾಗಿ ಕೆತ್ತಿದ ಶಿಲ್ಪದಲ್ಲಿ ಸೋತವರ ತಾಯಿಗೂ ಜಾಗ ಕೊಟ್ಟ ಆ ಶಿಲ್ಪಿಗಳನ್ನು ನಾನು ತುಂಬಾ ಗೌರವಿಸುತ್ತೇನೆ.

ಥಿಯಾಗನಿಯಲ್ಲಿ ಟೈಫನ್ ಸೋತ ಮೇಲೆ, ಜೀಯಸ್‌ನೇ ರಾಜನಾಗಲಿ ಅಂತ ದೇವರುಗಳಿಗೆ ಸಲಹೆ ಕೊಟ್ಟವಳೂ ಗಾಯಾ. ಯಾರು ಮಕ್ಕಳನ್ನು ಒಳಗೆ ಅದುಮುತ್ತಾರೋ ಅವರ ವಿರುದ್ಧ ಅವಳು, ಅದು ಗಂಡನಾಗಲಿ, ಮಗನಾಗಲಿ, ಮೊಮ್ಮಗನಾಗಲಿ. ನಾನು ಅವಳನ್ನು ಓದಿಕೊಳ್ಳುವುದು ಹಾಗೆ. ಅದಕ್ಕೇ ಕೊನೆಯ ಸಲಹೆ ನನಗೆ ಒಪ್ಪಿಗೆಯಾಗುವುದಿಲ್ಲ. ಜೀಯಸ್‌ನ ಮೊದಲ ಹೆಂಡತಿ ಮೇಟಿಸ್, ಬುದ್ಧಿಯ ದೇವತೆ. ಇವಳಿಗೆ ಮುಂದೆ ಹುಟ್ಟುವ ಮಗ ನಿನ್ನ ಪಟ್ಟ ಕಿತ್ತುಕೊಳ್ಳುತ್ತಾನೆ ಅಂತ ಗಾಯಾ ಮತ್ತು ಯುರೇನಸ್ ಎಚ್ಚರಿಸಿದರು, ಅವನು ಬಸುರಿ ಹೆಂಡತಿಯನ್ನೇ ನುಂಗಿದ. ಅಥೇನಾ ಅವನ ತಲೆಯಿಂದ ಹುಟ್ಟಿ ಬಂದಳು, ಮೇಟಿಸ್ ಒಳಗೇ ಉಳಿದಳು, ಆ ಮಗ ಹುಟ್ಟಲೇ ಇಲ್ಲ. ಅಪ್ಪ ಮಾಡಿದ್ದನ್ನೇ ಜೀಯಸ್ ಮಾಡಿದ, ಇನ್ನೂ ಜಾಣತನದಿಂದ ಮಾಡಿದ, ಹೆಸಿಯಡ್ ಅದನ್ನು ಗೆಲುವು ಅಂತ ಹಾಡಿದ. ನಾನಂತೂ ಮೇಟಿಸ್‌ಳ ಪಕ್ಷ. ನಮಸ್ಕಾರ.