ರಾತ್ರಿ ಎರಡಕ್ಕೆ ನೀರು ಕೊಡುವವರು ಯಾರು?

ಎಲ್ಲರಿಗೂ ನಮಸ್ಕಾರ.

ಅಕ್ಟೋಬರ್ 1, ಹಿರಿಯರ ದಿನ ಬಂತೆಂದರೆ ವಿಜಯಪುರದಲ್ಲೂ ಹಿರಿಯರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಸಿಗುತ್ತದೆ. ಇವತ್ತೂ ಸಿಕ್ಕಿದೆ, ಸಂತೋಷ. ಸಂಘದವರು ನನಗೆ ಮುಪ್ಪಿನ ಆರೋಗ್ಯದ ಬಗ್ಗೆ ಮಾತಾಡಿ ಅಂದರು. ವಾಕಿಂಗ್, ಉಪ್ಪು ಕಡಿಮೆ, ಬಿ.ಪಿ. ಮಾತ್ರೆ, ಇವನ್ನೆಲ್ಲ ಹೇಳಲು ಬೇರೆಯವರು ಇದ್ದಾರೆ. ನಾನು ವಾರ್ಡಿನಲ್ಲಿ ಕೆಲಸ ಮಾಡಿ ನಿವೃತ್ತಳಾದ ನರ್ಸ್. ಸರ್ಕಾರಿ, ಖಾಸಗಿ ಎರಡನ್ನೂ ನೋಡಿದ್ದೇನೆ. ಹಾಗಾಗಿ ವಾರ್ಡಿನ ಮಾತೇ ಆಡುತ್ತೇನೆ. ಯಾವ ಆಸ್ಪತ್ರೆ ಹೆಸರೂ ಹೇಳುವುದಿಲ್ಲ. ಊಟಕ್ಕೆ ಕೂತಾಗ ಬಂದು ಕಿವಿಯಲ್ಲಿ ಕೇಳಬೇಡಿ, ಆಗಲೂ ಹೇಳುವುದಿಲ್ಲ.

ಆಸ್ಪತ್ರೆಯಲ್ಲಿ ವಯಸ್ಸಾದವರಿಗೆ ಹಿಂಸೆ ಅಂದ ಕೂಡಲೇ ಹೊಡೆಯುವುದು, ಬೈಯುವುದು ಕಣ್ಮುಂದೆ ಬರುತ್ತದೆ. ಬೈಯುವುದು ಉಂಟು, ಇಲ್ಲ ಅನ್ನುವುದಿಲ್ಲ. "ಏ ಮುದುಕಿ, ಮತ್ತ ಹಾಸಿಗಿ ಹೊಲಸ ಮಾಡಿದೇನು" ಅನ್ನುವುದನ್ನು ನಿಮ್ಮಲ್ಲೂ ಹಲವರು ಕೇಳಿರುತ್ತೀರಿ. ಆದರೆ ಹೆಚ್ಚಿನ ಹಾನಿ ಆಗುವುದು ಯಾರೂ ಏನೂ ಮಾಡದೆ ಇದ್ದಾಗ. ಅದಕ್ಕೆ ಸಾಕ್ಷಿ ಇರುವುದಿಲ್ಲ, ಕೇಸ್ ಶೀಟ್‌ನಲ್ಲಿ ಒಂದು ಸಾಲೂ ಇರುವುದಿಲ್ಲ.

ನೀರನ್ನೇ ತೆಗೆದುಕೊಳ್ಳಿ. ಮಂಚದ ಪಕ್ಕದ ಲಾಕರ್ ಮೇಲೆ ಬಾಟಲಿ ಇರುತ್ತದೆ. ತೊಡೆಯ ಮೂಳೆ ಮುರಿದ ಅಜ್ಜಿಗೆ ಅಲ್ಲಿಯವರೆಗೆ ಕೈ ಎಟುಕುವುದಿಲ್ಲ. ಎಟುಕಿದರೂ ಮುಚ್ಚಳ ತಿರುಗಿಸಲು ಬೆರಳಲ್ಲಿ ಕಸುವಿಲ್ಲ. ಕೇಳೋಣ ಅಂದರೆ ಯಾರನ್ನು ಕೇಳುವುದು? ಇನ್ನೊಂದು ಸಂಗತಿ ಇದೆ, ಇದು ಹೆಂಗಸರಿಗೆ ಚೆನ್ನಾಗಿ ಗೊತ್ತು. ನೀರು ಕುಡಿದರೆ ಮೂತ್ರಕ್ಕೆ ಹೋಗಬೇಕು, ಹೋಗಬೇಕಾದರೆ ಯಾರಾದರೂ ಎಬ್ಬಿಸಬೇಕು, ಅವರ ಮುಖ ಗಂಟಿಕ್ಕುವುದನ್ನು ನೋಡಬೇಕು. ಅದಕ್ಕಿಂತ ಕುಡಿಯದೆ ಇರುವುದೇ ಲೇಸು ಅಂತ ಎಷ್ಟೋ ಜನ ಬೇಕಂತಲೇ ಬಾಯಿ ಒಣಗಿಸಿಕೊಂಡು ಮಲಗುತ್ತಾರೆ. ಅದೂ ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ.

ಆಮೇಲೆ ಏನಾಗುತ್ತದೆ ನೋಡಿ. ಎರಡನೇ ದಿನವೋ ಮೂರನೇ ದಿನವೋ ರಾತ್ರಿ ಅಜ್ಜಿ ಏನೇನೋ ಮಾತಾಡಲು ಶುರು ಮಾಡುತ್ತಾರೆ. ಸತ್ತ ಗಂಡನನ್ನು ಕರೆಯುತ್ತಾರೆ, ಎಮ್ಮೆ ಕಟ್ಟಿಲ್ಲ ಅನ್ನುತ್ತಾರೆ, ಸಲೈನ್ ಸೂಜಿ ಕಿತ್ತು ಎಸೆಯುತ್ತಾರೆ. "ವಯಸ್ಸಾಗ್ಯಾದ, ತಲಿ ಕೆಟ್ಟದ" ಅಂತ ಎಲ್ಲರೂ ತೀರ್ಮಾನಿಸುತ್ತಾರೆ, ಮನೆಯವರೂ ಹೌದು ಅನ್ನುತ್ತಾರೆ. ಬ್ಯಾಂಡೇಜ್ ಬಟ್ಟೆಯಲ್ಲಿ ಎರಡೂ ಕೈಯನ್ನು ಮಂಚದ ಸರಳಿಗೆ ಕಟ್ಟುತ್ತಾರೆ. ನಿದ್ದೆಯ ಇಂಜೆಕ್ಷನ್ ಕೊಡುತ್ತಾರೆ. ಕೈ ಕಟ್ಟಿದ ಮೇಲೆ ಎದ್ದು ಹೋಗುವ ಹಾಗಿಲ್ಲವಲ್ಲ, ಮೂತ್ರಕ್ಕೆ ನಳಿಕೆ ಹಾಕುತ್ತಾರೆ. ನಳಿಕೆ ಒಂದೊಂದು ದಿನ ಜಾಸ್ತಿ ಉಳಿದಷ್ಟೂ ಸೋಂಕಿನ ಅಪಾಯ ಏರುತ್ತದೆ. ಸೋಂಕು ಬಂದರೆ ಜ್ವರ, ಜ್ವರ ಬಂದರೆ ಗೊಂದಲ ಇನ್ನೂ ಜಾಸ್ತಿ. ಸರಿಯಾದ ಹೊತ್ತಿಗೆ ನೀರು ಕುಡಿಸಿದ್ದರೆ ಎಷ್ಟೋ ಜನರ ವಿಷಯದಲ್ಲಿ ಇದು ಶುರುವೇ ಆಗುತ್ತಿರಲಿಲ್ಲ.

ಈ ಗೊಂದಲಕ್ಕೆ ವೈದ್ಯರು ಡೆಲಿರಿಯಂ ಅನ್ನುತ್ತಾರೆ. ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ, ತಿಂಗಳು ವರ್ಷಗಟ್ಟಲೆ ನಿಧಾನಕ್ಕೆ ಬರುವಂಥದ್ದು. ಡೆಲಿರಿಯಂ ಗಂಟೆಗಳಲ್ಲಿ, ದಿನಗಳಲ್ಲಿ ಬರುತ್ತದೆ. ಬೆಳಿಗ್ಗೆ ಚೆನ್ನಾಗಿರುತ್ತಾರೆ, ಸಂಜೆ ಕೆಡುತ್ತಾರೆ. ಹಿಂದೆ ಏನೋ ಕಾರಣ ಇರುತ್ತದೆ. ಸೋಂಕು, ನೀರಿನ ಕೊರತೆ, ಮಲಬದ್ಧತೆ, ಮೂತ್ರ ಕಟ್ಟಿರುವುದು, ನೋವು, ಹೊಸ ಮಾತ್ರೆ, ನಿದ್ದೆಗೇಡು, ಯಾವುದೂ ಆಗಬಹುದು. ಕಾರಣ ಹುಡುಕಿ ಸರಿಮಾಡಿದರೆ ಬಹಳ ಜನ ಮೊದಲಿನಂತಾಗುತ್ತಾರೆ. ಕೂಗಾಡುವವರನ್ನಾದರೂ ಯಾರೋ ಗಮನಿಸುತ್ತಾರೆ. ಇದರಲ್ಲೇ ಇನ್ನೊಂದು ಬಗೆ ಇದೆ. ಸುಮ್ನೆ ಗೋಡೆ ನೋಡುತ್ತಾ ಬಿದ್ದಿರುತ್ತಾರೆ, ಊಟ ಬೇಡ, ಮಾತು ಬೇಡ. ಅಂಥವರನ್ನು ವಾರ್ಡಿನಲ್ಲಿ ನಾವು ಏನನ್ನುತ್ತೇವೆ ಗೊತ್ತಾ? "ಅಜ್ಜ ಭಾಳ ಛಲೋ, ಒಟ್ಟ ಕಾಟ ಕೊಡಂಗಿಲ್ಲ." ಕಾಟ ಕೊಡದ ಅಜ್ಜನ ಕಡೆ ಜಾಸ್ತಿ ನಿಗಾ ಬೇಕು ಅಂತ ಹೊಸ ಹುಡುಗಿಯರಿಗೆ ನಾನು ಹೇಳುತ್ತಿದ್ದೆ. ಕೇಳಿದವರು ಕೇಳಿದರು, ಬಿಟ್ಟವರು ಬಿಟ್ಟರು.

ಇದನ್ನು ತಡೆಯಬಹುದು ಅಂತ ತೋರಿಸಿದ್ದಾರೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಶರಾನ್ ಇನೌಯಿ ಅನ್ನುವ ವೈದ್ಯೆ ಮತ್ತು ಅವರ ಜೊತೆಯವರು 70 ದಾಟಿದ 852 ರೋಗಿಗಳ ಮೇಲೆ ಮಾಡಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಎಂದಿನ ಆರೈಕೆ ಪಡೆದವರಲ್ಲಿ ನೂರಕ್ಕೆ 15 ಜನಕ್ಕೆ ಡೆಲಿರಿಯಂ ಬಂತು. ವಿಶೇಷ ಆರೈಕೆ ಪಡೆದವರಲ್ಲಿ ಅದು 9.9ಕ್ಕೆ ಇಳಿಯಿತು. ವಿಶೇಷ ಅಂದರೆ ದುಬಾರಿ ಔಷಧ ಅಂದುಕೊಳ್ಳಬೇಡಿ. ಕನ್ನಡಕ ಹಾಕಿಸಿದರು. ಕಿವಿಯ ಮಷೀನ್ ಕೊಟ್ಟರು. ನೀರು ಕುಡಿಸಿದರು. ದಿನಕ್ಕೆ ಹಲವು ಸಲ ಎಬ್ಬಿಸಿ ನಡೆಸಿದರು. ಇವತ್ತು ಯಾವ ವಾರ, ನೀವು ಎಲ್ಲಿದ್ದೀರಿ ಅಂತ ಹೇಳಿದರು. ರಾತ್ರಿ ನಿದ್ದೆ ಮಾತ್ರೆಯ ಬದಲು ಬಿಸಿ ಹಾಲು ಕೊಟ್ಟು ಬೆನ್ನು ತಿಕ್ಕಿದರು. ಇದನ್ನೆಲ್ಲ ಮಾಡಲು ತರಬೇತಿ ಕೊಟ್ಟ ಸ್ವಯಂಸೇವಕರೂ ಇದ್ದರು. ಓದಿದಾಗ ನನಗೆ ನಗುವೂ ಬಂತು, ಸಿಟ್ಟೂ ಬಂತು. ಇದರಲ್ಲಿ ಯಾವುದಕ್ಕೆ ಎಂ.ಡಿ. ಓದಬೇಕು ಹೇಳಿ?

ಹಾಗಾದರೆ ನಮ್ಮಲ್ಲಿ ಇದನ್ನು ಮಾಡುವವರು ಯಾರು? ನಾನು ಹೇಳಬೇಕೆಂದು ಬಂದದ್ದೇ ಇದು. ಯಾರದ್ದೂ ಅಲ್ಲದ ಕೆಲಸ ಇದು. ಅಡ್ಮಿಟ್ ಮಾಡುವಾಗ ಮೊದಲ ಪ್ರಶ್ನೆಯೇ "ಜೊತೆಗೆ ಯಾರು ಬಂದಿದ್ದೀರಿ?" ಅಂತ. ಉಣಿಸುವುದು, ಹೊರಳಿಸುವುದು, ಬೆಡ್‌ಪ್ಯಾನ್ ಇಡುವುದು, ಮೆಡಿಕಲ್ ಶಾಪ್‌ಗೆ ಓಡುವುದು, ಸ್ಟ್ರೆಚರ್ ತಳ್ಳಿಕೊಂಡು ಎಕ್ಸ್‌ರೇಗೆ ಹೋಗುವುದು, ಎಲ್ಲವೂ ಜೊತೆಗಾರರ ತಲೆಗೆ. ನಮ್ಮ ಆಸ್ಪತ್ರೆಗಳು ನಡೆಯುತ್ತಿರುವುದೇ ಸಂಬಳ ಇಲ್ಲದ ಮಗಳು, ಸೊಸೆಯರ ಮೇಲೆ. ಅವರಿರುವ ತನಕ ಕೊರತೆ ಕಾಣುವುದಿಲ್ಲ. ಅವರಿಲ್ಲದ ಮುದುಕಿ ಬಂದ ದಿನ ಗೊತ್ತಾಗುತ್ತದೆ.

ಆ ಮುದುಕಿಯರು ನಮ್ಮ ಜಿಲ್ಲೆಯಲ್ಲಿ ಕಡಿಮೆ ಏನಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯ ಹಳ್ಳಿಗಳಿಗೆ ಹೋಗಿ ನೋಡಿ. ಮಗ ಸೊಸೆ ಗೋವಾದಲ್ಲೋ ಪುಣೆಯಲ್ಲೋ ಗೌಂಡಿ ಕೆಲಸಕ್ಕೆ, ಇಲ್ಲವೇ ಮಹಾರಾಷ್ಟ್ರದಲ್ಲಿ ಕಬ್ಬು ಕಡಿಯಲು. ಮನೆಯಲ್ಲಿ ಅಜ್ಜಿ, ಎರಡು ಮೊಮ್ಮಕ್ಕಳು, ಒಂದು ಆಡು. ಅಜ್ಜಿ ಜಾರಿ ಬಿದ್ದರೆ ಪಕ್ಕದ ಮನೆಯವರು ಟಂಟಂ ಆಟೊದಲ್ಲಿ ಹಾಕಿಕೊಂಡು ಬಂದು ಬಿಟ್ಟು ಹೋಗುತ್ತಾರೆ. ಮಗ ಬರುವ ತನಕ ಅವಳಿಗೆ ಹೊರಳಲು ಸಹಾಯ ಮಾಡುವವರು ಪಕ್ಕದ ಬೆಡ್ಡಿನ ರೋಗಿಯ ಹೆಂಡತಿ. ಪಾಪ, ಆಕೆ ಮಾಡುತ್ತಾಳೆ. ನಮ್ಮ ಜನರಲ್ಲಿ ಆ ಗುಣ ಇನ್ನೂ ಉಳಿದಿದೆ. ಆದರೆ ಆಕೆಯ ಗಂಡ ಡಿಸ್ಚಾರ್ಜ್ ಆದ ಮೇಲೆ?

ಗಂಡಸರ ವಾರ್ಡಿನ ಕಥೆ ಇನ್ನೊಂದು. ಎಷ್ಟೋ ಕಡೆ ರಾತ್ರಿ ಅಲ್ಲಿ ಹೆಂಗಸರು ಇರುವ ಹಾಗಿಲ್ಲ. ನಿಯಮ ಸರಿಯೇ. ಆದರೆ ಅಜ್ಜನಿಗೆ ಇರುವವಳು ಹೆಂಡತಿ ಒಬ್ಬಳೇ ಆದರೆ ಆಕೆ ಹೊರಗೆ ವರಾಂಡದಲ್ಲಿ ಚಾದರ ಹಾಸಿ ಮಲಗುತ್ತಾಳೆ, ಅಜ್ಜ ಒಳಗೆ ಒದ್ದೆ ಬಟ್ಟೆಯಲ್ಲಿ. ವಾರ್ಡ್ ಬಾಯ್‌ಗೆ, ಆಯಾಗೆ ಚಹಾಕ್ಕೆ ಅಂತ ಐವತ್ತು ನೂರು ಕೊಟ್ಟವರ ಹಾಸಿಗೆ ಬದಲಾಗುತ್ತದೆ, ಕೊಡದವರದ್ದು ಬೆಳಗಿನ ತನಕ ಹಾಗೇ. ಇದು ತಪ್ಪು, ಶುದ್ಧ ತಪ್ಪು. ಹಾಗಂತ ಆ ಆಯಾಗೆ ಗುತ್ತಿಗೆದಾರ ಕೊಡುವ ಸಂಬಳ ಎಷ್ಟು, ಅದು ತಿಂಗಳಿಗೆ ಸರಿಯಾಗಿ ಬರುತ್ತದಾ ಅಂತಲೂ ಕೇಳಿ. ರಾತ್ರಿ ಪಾಳಿಯಲ್ಲಿ ತುಂಬಿದ ವಾರ್ಡಿಗೆ ಒಬ್ಬಳೇ ಸಿಸ್ಟರ್ ಇದ್ದರೆ ಆಕೆ ಇಂಜೆಕ್ಷನ್ ಕೊಡುವುದಾ, ನೀರು ಕುಡಿಸುವುದಾ? ಇಂಜೆಕ್ಷನ್ ತಪ್ಪಿದರೆ ಮೆಮೊ ಬರುತ್ತದೆ. ನೀರು ತಪ್ಪಿದರೆ ಯಾರೂ ಕೇಳುವುದಿಲ್ಲ.

ಬೆನ್ನು ಹುಣ್ಣಿನ ಬಗ್ಗೆ ಎರಡು ಮಾತು, ಏಕೆಂದರೆ ಅದು ಮನೆಯಲ್ಲೂ ಆಗುತ್ತದೆ. ಒಂದೇ ಮಗ್ಗುಲಲ್ಲಿ ಮಲಗಿದರೆ ಟೊಂಕದ ಕೆಳಗೆ, ಹಿಮ್ಮಡಿಯಲ್ಲಿ, ತೊಡೆಯ ಮೂಳೆ ಎದ್ದಿರುವ ಕಡೆ ರಕ್ತ ಓಡಾಡುವುದಿಲ್ಲ. ಮೊದಲು ಚರ್ಮ ಕೆಂಪಾಗುತ್ತದೆ, ಬೆರಳಿಂದ ಒತ್ತಿದರೂ ಬಿಳಿಯಾಗುವುದಿಲ್ಲ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದು, ಆ ಜಾಗ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ ನರ್ಸಿಂಗ್ ಮೊದಲ ವರ್ಷದಲ್ಲೇ ಕಲಿಸುತ್ತಾರೆ. ಹುಣ್ಣು ಮೂಳೆಯವರೆಗೆ ಹೋದ ಮೇಲೆ "ಇನ್ನ ಮನೀಗ್ ಒಯ್ರಿ" ಅನ್ನುತ್ತಾರೆ. ಇನ್ನು ಮನೆಯವರ ಪ್ರೀತಿಯೂ ಕೆಲವು ಸಲ ಕೆಡುಕೇ. ಡಾಕ್ಟರು ನಡೆಸಿ ಅಂದಿದ್ದರೂ "ಇಳೀಬ್ಯಾಡ ಯವ್ವಾ, ಬೀಳ್ತಿ" ಅಂತ ಮಂಚದಲ್ಲೇ ಇಡುತ್ತಾರೆ. ಆರೋಗ್ಯವಾಗಿರುವ ಹಿರಿಯರನ್ನೇ 10 ದಿನ ಮಂಚದಲ್ಲಿ ಮಲಗಿಸಿ ನೋಡಿದ ಅಧ್ಯಯನ ಒಂದಿದೆ. ಕಾಲಿನ ಮಾಂಸಖಂಡ ಸುಮಾರು ಒಂದು ಕಿಲೋ ಕರಗಿತ್ತು. ನಡೆದುಕೊಂಡು ಬಂದ ಅಜ್ಜನನ್ನು ಹೊತ್ತುಕೊಂಡು ಮನೆಗೆ ಒಯ್ಯುವುದು ಹೀಗೆ.

ಸೋಲಾಪುರ, ಮೀರಜ್ ದಾರಿ ನಮಗೆಲ್ಲ ಗೊತ್ತಿದ್ದದ್ದೇ. ಇಲ್ಲಿ ಆಗಲಿಲ್ಲ ಅಂದರೆ ಅಲ್ಲಿಗೆ. ಚಿಕಿತ್ಸೆ ಚೆನ್ನಾಗಿರಬಹುದು, ಆದರೆ ಮರಾಠಿ, ಹಿಂದಿ ಬಾರದ ಅಜ್ಜಿ ಐಸಿಯುನಲ್ಲಿ ಒಬ್ಬಳೇ. ಕನ್ನಡಕ ಇಲ್ಲ, ಹಲ್ಲಿನ ಸೆಟ್ ಕಾಗದದಲ್ಲಿ ಸುತ್ತಿಟ್ಟದ್ದು ಕಸಕ್ಕೆ ಹೋಗಿದೆ, ಹಗಲು ರಾತ್ರಿ ಒಂದೇ ಲೈಟು. ಅವಳು ನೋವು ಅಂದರೆ ಯಾರಿಗೆ ತಿಳಿಯಬೇಕು? ಅಂಥ ಕಡೆ ಹೋಗುವವರು ಕನ್ನಡ ಬಲ್ಲ ಸಿಬ್ಬಂದಿ ಯಾರಿದ್ದಾರೆ ಅಂತ ಮೊದಲೇ ವಿಚಾರಿಸಿ. ಗಡಿ ಊರುಗಳಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ.

ಇದು ಬಡ ದೇಶದ ಕಥೆ ಅಂತ ಕೆಲವರು ಅನ್ನುತ್ತಾರೆ. ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆಯ ವಿಷಯ ಓದಿ. 2005ರಿಂದ 2009ರ ತನಕ ಅಲ್ಲಿ ರೋಗಿಗಳು, ಅದರಲ್ಲೂ ವಯಸ್ಸಾದವರು, ಹೊಲಸಾದ ಹಾಸಿಗೆಯಲ್ಲೇ ಬಿದ್ದಿದ್ದರು. ಊಟ, ನೀರು ಕೈಗೆ ಎಟುಕದ ಕಡೆ ಇಟ್ಟು ಹೋಗುತ್ತಿದ್ದರು. ಆಡಳಿತದವರಿಗೆ ಖರ್ಚು ಉಳಿಸಿ ಮೇಲಿನ ದರ್ಜೆ ಪಡೆಯುವ ಆತುರ, ಅದಕ್ಕೆ ಸಿಬ್ಬಂದಿ ಕಡಿತ. ಅಲ್ಲಿ ತಾಯಿಯನ್ನು ಕಳೆದುಕೊಂಡ ಜೂಲಿ ಬೇಲಿ ಅನ್ನುವ ಹೆಣ್ಣುಮಗಳು ಬೇರೆ ಕುಟುಂಬಗಳನ್ನು ಸೇರಿಸಿಕೊಂಡು ಹೋರಾಡಿದಳು. ಕೊನೆಗೆ ಸಾರ್ವಜನಿಕ ವಿಚಾರಣೆ ನಡೆದು, ರಾಬರ್ಟ್ ಫ್ರಾನ್ಸಿಸ್ ಅವರ ವರದಿ 2013ರ ಫೆಬ್ರವರಿಯಲ್ಲಿ 290 ಶಿಫಾರಸುಗಳೊಂದಿಗೆ ಬಂತು. ನನಗೆ ಇದರಲ್ಲಿ ಗಮನ ಸೆಳೆದದ್ದು ಒಂದು. ನರ್ಸ್‌ಗಳು ಕಡಿಮೆಯಾದ ಕೂಡಲೇ ಅಲ್ಲೂ ಮನೆಯವರೇ ಬಂದು ಮಂಚದ ಪಕ್ಕ ಕೂತು ಉಣಿಸಿದರು, ಹಾಸಿಗೆ ಬದಲಿಸಿದರು. ಅಲ್ಲಿ ಅದನ್ನು ಹಗರಣ ಅಂದರು. ನಮ್ಮಲ್ಲಿ ಅದೇ ಪದ್ಧತಿ.

ಈಗ ಮನೆಯವರ ಕಡೆಯ ಮಾತು. ಬಿಟ್ಟು ಹೋಗುವವರಿದ್ದಾರೆ, ತಪ್ಪು ಫೋನ್ ನಂಬರ್ ಕೊಟ್ಟು ಹೋಗುವವರಿದ್ದಾರೆ. ಹೆಚ್ಚಿನವರು ಕೂಲಿ ತಪ್ಪುತ್ತದೆ ಅಂತ ಹೋಗುತ್ತಾರೆ, ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಆದರೆ ಸಲೈನ್ ಹಚ್ಚಿದ ಕೈಯ ಹೆಬ್ಬೆರಳಿಗೆ ಶಾಯಿ ಬಳಿದು ಹೊಲದ ಕಾಗದಕ್ಕೆ ಒತ್ತಿಸಿಕೊಳ್ಳುವವರನ್ನೂ ನೋಡಿದ್ದೇನೆ. ಅಂಥವರಿಗೆ ಹೇಳಬೇಕು, 2007ರ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ ಅಂತ ಒಂದಿದೆ. ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದು ಮಾಡಿಸಬಹುದು. ಷರತ್ತು ಪತ್ರದಲ್ಲೇ ಬರೆದಿರಲಿ, ಬಾಯಿ ಮಾತು ಸಾಲದು. ನೋಡಿಕೊಳ್ಳುವ ಹೊಣೆ ಇದ್ದವರು ಹಿರಿಯರನ್ನು ಪೂರ್ತಿ ಕೈಬಿಡುವ ಉದ್ದೇಶದಿಂದ ಎಲ್ಲಾದರೂ ಬಿಟ್ಟು ಹೋದರೆ 3 ತಿಂಗಳ ತನಕ ಜೈಲು ಅಥವಾ 5,000 ರೂಪಾಯಿ ತನಕ ದಂಡ, ಅಥವಾ ಎರಡೂ. ದೂರು ಕೇಳುವುದು ಉಪವಿಭಾಗಾಧಿಕಾರಿ ಮಟ್ಟದ ನ್ಯಾಯಮಂಡಳಿ. ನಮ್ಮಲ್ಲಿ ವಿಜಯಪುರ, ಇಂಡಿ ಎರಡು ಕಡೆ ಉಪವಿಭಾಗಾಧಿಕಾರಿ ಕಚೇರಿ ಇದೆ.

ಅದೇ ಕಾಯ್ದೆ ಆಸ್ಪತ್ರೆಗೂ ಹೊಣೆ ಹಾಕಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹಿರಿಯರಿಗೆ ಆದಷ್ಟು ಮಟ್ಟಿಗೆ ಹಾಸಿಗೆ, ಬೇರೆ ಸರದಿ ಸಾಲು, ಜಿಲ್ಲಾಸ್ಪತ್ರೆಯಲ್ಲಿ ಹಿರಿಯರ ಚಿಕಿತ್ಸೆಗೇ ಮೀಸಲಾದ ವ್ಯವಸ್ಥೆ ಇರಬೇಕು ಅನ್ನುತ್ತದೆ. ಕೇಂದ್ರದ್ದು ಹಿರಿಯರ ಆರೋಗ್ಯ ಕಾರ್ಯಕ್ರಮ ಅಂತ 2010ರಿಂದ ಇದೆ. ಅದರ ಪ್ರಕಾರ ಜಿಲ್ಲಾಸ್ಪತ್ರೆಯಲ್ಲಿ ಹಿರಿಯರಿಗೆ 10 ಹಾಸಿಗೆಯ ವಾರ್ಡ್ ಬೇಕು. ಈ ಸಂಘ ಶಾಲು ಹೊದಿಸುವ ಜೊತೆಗೆ ವರ್ಷಕ್ಕೆ ಒಂದೆರಡು ಸಲ ಹೋಗಿ ಆ ಹಾಸಿಗೆ ಎಲ್ಲಿವೆ, ಯಾರು ಮಲಗಿದ್ದಾರೆ, ರಾತ್ರಿ ಯಾರಿರುತ್ತಾರೆ ಅಂತ ನೋಡಿಕೊಂಡು ಬರಲಿ. ನಿಮ್ಮಲ್ಲಿ ನಿವೃತ್ತ ಮೇಷ್ಟ್ರು, ಬ್ಯಾಂಕಿನವರು ಇದ್ದೀರಿ, ಪ್ರಶ್ನೆ ಕೇಳಲು ಬರುತ್ತದೆ.

ನಿಮ್ಮ ಮನೆಯವರನ್ನು ಅಡ್ಮಿಟ್ ಮಾಡಿದಾಗ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಮಂಚದ ತಲೆಗೆ ಅಂಟಿಸಿ. ಯಾವ ಕಿವಿ ಕೇಳುತ್ತದೆ, ಕನ್ನಡಕ ಎಲ್ಲಿದೆ, ಹಲ್ಲಿನ ಸೆಟ್ ಇದೆಯಾ, ಮನೆಯಲ್ಲಿ ನಡೆದಾಡುತ್ತಿದ್ದರಾ, ಯಾವ ಮಾತ್ರೆ ನುಂಗುತ್ತಿದ್ದರು. ಮನೆಯಲ್ಲಿ ಚುರುಕಾಗಿದ್ದರು ಅಂತಲೂ ಬರೆಯಿರಿ, ಇಲ್ಲವಾದರೆ ಗೊಂದಲ ಬಂದಾಗ ಮೊದಲಿಂದ ಹೀಗೇ ಇದ್ದರು ಅಂದುಕೊಳ್ಳುತ್ತಾರೆ. ಮೂತ್ರದ ನಳಿಕೆ ಹಾಕಿದ್ದರೆ ದಿನಾ ರೌಂಡ್ಸ್‌ನಲ್ಲಿ ಕೇಳಿ, ಇದು ಇನ್ನೂ ಬೇಕಾ, ಯಾವತ್ತು ತೆಗೆಯುತ್ತೀರಿ ಅಂತ. ಸಂಜೆ ಪಾಳಿ ಬದಲಾಗುವಾಗ ಸಿಸ್ಟರ್ ಹತ್ತಿರ ಹೋಗಿ ರಾತ್ರಿ ಎರಡಕ್ಕೆ ಇವರಿಗೆ ನೀರು ಬೇಕಾದರೆ ಯಾರು ಕೊಡುತ್ತಾರೆ ಅಂತ ಕೇಳಿ. ಮೆತ್ತಗೆ ಕೇಳಿ, ಜಗಳಕ್ಕೆ ಹೋಗಬೇಡಿ. ಒಂದು ಹೆಸರು ಸಿಗುವ ತನಕ ಮಾತ್ರ ಅಲ್ಲಿಂದ ಕದಲಬೇಡಿ.

ತೀರಾ ಅನ್ಯಾಯವಾದರೆ ದೂರು ಕೊಡಿ. ಖಾಸಗಿ ಆಸ್ಪತ್ರೆಯಾದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಇದೆ, ಅರ್ಜಿ ಅಲ್ಲಿಗೆ. ಸರ್ಕಾರಿ ಜಿಲ್ಲಾಸ್ಪತ್ರೆ ಆದರೆ ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ. ತಾರೀಖು, ಪಾಳಿ, ಏನಾಯಿತು ಅನ್ನುವುದನ್ನು ಅವತ್ತೇ ಬರೆದಿಡಿ, ಹುಣ್ಣಾಗಿದ್ದರೆ ಫೋಟೊ ತೆಗೆಯಿರಿ. ಅರ್ಜಿ ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಬರೆಯಲು ಬಾರದವರಿಗೆ 14567 ಅಂತ ಹಿರಿಯರ ಸಹಾಯವಾಣಿ ಇದೆ, ಹಣ ಕೊಡಬೇಕಿಲ್ಲ. ನಂಬರ್ ಈಗಲೇ ಮೊಬೈಲ್‌ನಲ್ಲಿ ಸೇವ್ ಮಾಡಿಕೊಳ್ಳಿ, ಬಾರದವರು ಪಕ್ಕದವರ ಕೈಯಲ್ಲಿ ಮಾಡಿಸಿ. ಅಷ್ಟರಲ್ಲಿ ನಾನು ನೀರು ಕುಡಿಯುತ್ತೇನೆ, ಆಮೇಲೆ ಪ್ರಶ್ನೆ ಕೇಳಿ.